ಹಳೇ ಟ್ರ್ಯಾಕ್ಟರಿನ ಸದ್ದು ಹುಡುಕೋಕೆ ಮೆಕ್ಯಾನಿಕ್ ಸ್ಟೆತೊಸ್ಕೋಪ್: ಬಳಸಿ ನೋಡಿದ ಮೇಲೆ

ಹಳೇ ಟ್ರ್ಯಾಕ್ಟರ್ ಇಟ್ಟುಕೊಂಡವರು ಇದನ್ನು ತೆಗೆದುಕೊಳ್ಳಲೇಬೇಕು, ಮೊದಲೇ ಹೇಳಿಬಿಡುತ್ತೇನೆ. ಡಾಕ್ಟರ ಕೊರಳಲ್ಲಿ ಇರುವಂಥದ್ದೇ, ಆದರೆ ಎದೆಗೆ ಒತ್ತುವ ಬಿಲ್ಲೆಯ ಜಾಗದಲ್ಲಿ ಉದ್ದನೆಯ ಕಬ್ಬಿಣದ ಕಡ್ಡಿ ಇರುತ್ತದೆ. ಕಡ್ಡಿಯ ತುದಿಯನ್ನು ಎಂಜಿನ್ನಿಗೆ ತಾಗಿಸಿದರೆ ಅಲ್ಲಿನ ಅದುರು ಚಿಕ್ಕ ಡಬ್ಬಿಯೊಳಗಿನ ತೆಳು ಪರದೆಗೆ ಹೋಗಿ, ರಬ್ಬರ್ ಕೊಳವೆಯಲ್ಲಿ ಕಿವಿಗೆ ಬರುತ್ತದೆ. ಬ್ಯಾಟರಿ ಇಲ್ಲ, ಸ್ವಿಚ್ ಇಲ್ಲ.

ನನ್ನದು ಮ್ಯಾಸ್ಸಿ ಫರ್ಗ್ಯುಸನ್ 35. ಪರ್ಕಿನ್ಸ್‌ನ ಮೂರು ಸಿಲಿಂಡರಿನ, ಎರಡೂವರೆ ಲೀಟರ್ ಡೀಸೆಲ್ ಎಂಜಿನ್. ನಿಂತಲ್ಲೇ ಸ್ಲೋನಲ್ಲಿ ಓಡುವಾಗ ಗಟ್ಟಿಯಾಗಿ ಟಕ್ ಟಕ್ ಅಂತ ಬಡಿತ ಶುರುವಾಗಿತ್ತು. ನೋಡಿದ ಮೆಕ್ಯಾನಿಕ್ ಒಬ್ಬರು ಬೇರಿಂಗ್ ಹೋಗಿದೆ, ಎಂಜಿನ್ ಬಿಚ್ಚಬೇಕು ಅಂದರು. ಬೇರಿಂಗ್ ಹೋದರೂ ಹಾಗೇ ಬಡಿಯುತ್ತದೆ ನಿಜ, ಆದರೆ ಬರೀ ಕೇಳಿ ಎಂಜಿನ್ ಬಿಚ್ಚುವುದು ಅಂದರೆ ಸಣ್ಣ ಮಾತಲ್ಲ ಅಲ್ವಾ? ಆಯಿಲ್ ಪ್ರೆಶರ್ ಬೇರೆ ಚೆನ್ನಾಗಿಯೇ ಇತ್ತು.

ಕಡ್ಡಿಯನ್ನು ಒಂದೊಂದೇ ಸಿಲಿಂಡರಿನ ಪಕ್ಕ ಇಟ್ಟು ಕೇಳಿದಾಗ ಎರಡನೆಯದರಲ್ಲಿ ಬಡಿತ ಜೋರು. ಮೇಲೆ ಹೆಡ್ ಹತ್ತಿರ ಇನ್ನೂ ಚುರುಕಾಗಿ, ಕೆಳಗೆ ಎಂಜಿನ್ ಆಯಿಲ್ ನಿಲ್ಲುವ ಸಂಪಿನ ಹತ್ತಿರ ಮಂಕಾಗಿ ಕೇಳುತ್ತಿತ್ತು. ಆ ಸಿಲಿಂಡರಿನ ಇಂಜೆಕ್ಟರಿಗೆ, ಅಂದರೆ ಒಳಗೆ ಡೀಸೆಲ್ ಚಿಮ್ಮಿಸುವ ಭಾಗಕ್ಕೆ, ಬರುವ ಪೈಪಿನ ನಟ್ಟನ್ನು ಸ್ವಲ್ಪ ಸಡಿಲ ಮಾಡಿದೆ. ಡೀಸೆಲ್ ಒಳಗೆ ಹೋಗದೆ ಹೊರಗೆ ಜಿನುಗಿತು, ಬಡಿತ ನಿಂತಿತು. (ಇದನ್ನು ಮಾಡುವಾಗ ದಪ್ಪ ಬಟ್ಟೆ ಸುತ್ತಿ ಮಾಡಿ, ಬರಿಗೈ ಹತ್ತಿರ ತರಲೇಬೇಡಿ. ಆ ಪೈಪಿನಲ್ಲಿ ಬರುವ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುವಷ್ಟು ಒತ್ತಡದಲ್ಲಿ ಇರುತ್ತದೆ, ಹೋದರೆ ಕೂಡಲೇ ಆಸ್ಪತ್ರೆಗೆ ಓಡಬೇಕು.)

ಇಲ್ಲಿಗೆ ಬಂದು ತೀರ್ಮಾನ ಕೊಡುವವರೇ ಜಾಸ್ತಿ. ಆದರೆ ಡೀಸೆಲ್ ನಿಂತರೆ ಆ ಸಿಲಿಂಡರಿನಲ್ಲಿ ಉರಿಯೇ ಇರುವುದಿಲ್ಲ, ಪಿಸ್ಟನ್ ಮೇಲೆ ಹೊಡೆತ ಬೀಳುವುದಿಲ್ಲ, ಹಾಗಾಗಿ ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದಿದ್ದರೂ ಸದ್ದು ಕಡಿಮೆಯಾಗುತ್ತದೆ, ಇಂಜೆಕ್ಟರ್ ಕೆಟ್ಟಿದ್ದರೂ ಕಡಿಮೆಯಾಗುತ್ತದೆ. ಎರಡನ್ನೂ ಬೇರೆ ಮಾಡಬೇಕಾದರೆ ಇಂಜೆಕ್ಟರ್ ಅದಲುಬದಲು ಮಾಡಬೇಕು. ಎಂಜಿನ್ ನಿಲ್ಲಿಸಿ, ಸುತ್ತ ಮಣ್ಣು ಒರೆಸಿ, ಎರಡನೆಯ ಇಂಜೆಕ್ಟರನ್ನು ಒಂದಕ್ಕೂ ಒಂದನೆಯದನ್ನು ಎರಡಕ್ಕೂ ಹಾಕಿದೆ, ಕೆಳಗಿನ ತಾಮ್ರದ ವಾಷರ್ ಹೊಸದು ಹಾಕಿ. ಡೀಸೆಲ್ ಪೈಪಿನಲ್ಲಿ ಸೇರಿದ ಏರ್ ತೆಗೆದು ಸ್ಟಾರ್ಟ್ ಮಾಡಿ ಕಡ್ಡಿ ಇಟ್ಟರೆ ಬಡಿತ ಒಂದನೆಯ ಸಿಲಿಂಡರಿಗೆ ಬಂದು ಕೂತಿತ್ತು. ಬೇರಿಂಗ್ ಜಾಗ ಬದಲಿಸುವುದಿಲ್ಲವಲ್ಲ! ಆ ಇಂಜೆಕ್ಟರನ್ನು ಟೆಸ್ಟಿಗೆ ಕೊಟ್ಟಾಗ ಅದರ ತುದಿಯ ನಾಝಲ್ ಸಣ್ಣ ಮಂಜಿನಂತೆ ಡೀಸೆಲ್ ಚಿಮ್ಮುವ ಬದಲು ಹನಿ ಹಾಕುತ್ತಿದ್ದುದು ಕಂಡಿತು. ನಾಝಲ್ ಬದಲಾಯಿಸಿದ ಮೇಲೆ ಎಂಜಿನ್ ಬಿಚ್ಚುವ ಮಾತೇ ಬರಲಿಲ್ಲ.

ಈ ಸಾಮಾನಿನ ಯೋಗ್ಯತೆ ಇಷ್ಟೇ, ಇಷ್ಟೇ ಸಾಕು ಕೂಡ. ಸದ್ದು ಎಲ್ಲಿ ಅಂತ ಅದು ತೋರಿಸುತ್ತದೆ, ಯಾಕೆ ಅಂತ ನಾವೇ ಏನಾದರೂ ಬದಲಿಸಿ ನೋಡಬೇಕು. ಮುಂದೆ ಕಿರ್ ಅಂತ ಸದ್ದಿದ್ದರೆ ಫ್ಯಾನ್ ಬೆಲ್ಟ್ ತೆಗೆದು ಸ್ವಲ್ಪ ಹೊತ್ತು ಮಾತ್ರ ಓಡಿಸಿ. ಕಿರ್ ಅನ್ನೋದು ನಿಂತರೆ ವಾಟರ್ ಪಂಪ್ ಅಥವಾ ಡೈನಮೊ ಬೇರಿಂಗ್. ವಾಲ್ವ್ ತೆರೆಯುವ ಟ್ಯಾಪೆಟ್ಟಿನ ಸದ್ದು ಗುರುತಿಸುವುದು ಲಯದಿಂದ: ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಟ್ಯಾಪೆಟ್ ಎತ್ತುವ ಕ್ಯಾಮ್ ಒಂದೇ ಸುತ್ತು, ಹಾಗಾಗಿ 700 ಆರ್‌ಪಿಎಂನಲ್ಲಿ ಒಂದು ಸಡಿಲ ಟ್ಯಾಪೆಟ್ ನಿಮಿಷಕ್ಕೆ 350 ಸಲ ಟಿಕ್ ಅನ್ನುತ್ತದೆ. ಈ ಎಂಜಿನ್ನಿಗೆ ತಣ್ಣಗಿದ್ದಾಗ 0.012 ಇಂಚು ಟ್ಯಾಪೆಟ್ ಗ್ಯಾಪ್, ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಪಟ್ಟಿ) ಇಟ್ಟು ನೋಡಿದರೆ ಮುಗಿಯಿತು. ತಣ್ಣಗಿದ್ದಾಗ ಬಡಿದು ಬಿಸಿಯಾದ ಮೇಲೆ ಸುಮ್ಮನಾಗುವ ಸದ್ದು ಹೆಚ್ಚಾಗಿ ಪಿಸ್ಟನ್ನಿನದು.

ಹಿಂಭಾಗದಲ್ಲಿ ಕ್ಲಚ್ಚೇ ಒಳ್ಳೇ ಸಾಕ್ಷಿ. ನ್ಯೂಟ್ರಲ್‌ನಲ್ಲಿ ಗುಂಯ್ ಅಂತಿದ್ದು ಪೆಡಲ್ ಒತ್ತಿದ ಕೂಡಲೇ ನಿಂತರೆ ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟ್ ಕಡೆ ನೋಡಿ. ಒತ್ತಿದಾಗ ಶುರುವಾದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್. ಡಬಲ್ ಕ್ಲಚ್ ಇರುವ 35ರಲ್ಲಿ ಇನ್ನೂ ಒಂದು ಅನುಕೂಲ ಇದೆ, ಅರ್ಧ ಒತ್ತಿದರೆ ಗೇರ್ ಬಾಕ್ಸ್ ಬಿಡುತ್ತದೆ, ಪೂರ್ತಿ ಒತ್ತಿದರೆ ಪಿಟಿಒ (ಹಿಂದೆ ಜೋಡಿಸಿದ ಉಪಕರಣ ತಿರುಗಿಸುವ ಶಾಫ್ಟ್) ಕೂಡ ಬಿಡುತ್ತದೆ. ಅರ್ಧಕ್ಕೆ ನಿಲ್ಲದೆ ಪೂರ್ತಿ ಒತ್ತಿದಾಗ ನಿಂತ ಸದ್ದು ಪಿಟಿಒ ಅಥವಾ ಹೈಡ್ರಾಲಿಕ್ ಪಂಪಿನದು, ಯಾಕಂದರೆ ಈ ಪಂಪ್ ತಿರುಗುವುದು ಪಿಟಿಒ ಶಾಫ್ಟಿನಿಂದಲೇ. ಅಲ್ಲಿ ಊಳಿಡುವ ಸದ್ದು ಬಂದರೆ ಮೊದಲು ಆಯಿಲ್ ಲೆವೆಲ್, ಆಮೇಲೆ ಫಿಲ್ಟರ್.

ಇನ್ನು ಕೊರತೆಗಳು. ಬೀಡುಕಬ್ಬಿಣ ಸದ್ದನ್ನು ದೂರ ಒಯ್ಯುತ್ತದೆ, ಆದ್ದರಿಂದ ಮೊದಮೊದಲು ಎಲ್ಲಿ ಇಟ್ಟರೂ ಎಲ್ಲವೂ ಹೋಗಿಬಿಟ್ಟಿದೆ ಅನ್ನಿಸುತ್ತದೆ. ಚೆನ್ನಾಗಿರುವ ಎಂಜಿನ್ ಮೇಲೆ ಇಟ್ಟು ಕಿವಿ ಪಳಗಿಸಿಕೊಳ್ಳಬೇಕು. ಟ್ರ್ಯಾಕ್ಟರ್ ನಡೆಯುವಾಗ ಮಾತ್ರ ಬರುವ ಡಿಫರೆನ್ಷಿಯಲ್ (ಹಿಂದಿನ ಚಕ್ರಗಳ ನಡುವಿನ ಗೇರ್) ಸದ್ದಿಗೆ ಇದು ನಡೆಯುವುದಿಲ್ಲ, ಓಡುವ ಗಾಡಿಯಲ್ಲಿ ಬಗ್ಗಿ ಕಡ್ಡಿ ಇಡಲು ಯಾರೂ ಹೋಗಬಾರದು. ನಿಂತ ಗಾಡಿಯಲ್ಲೂ ಫ್ಯಾನ್ ಮತ್ತು ಪಿಟಿಒ ಹತ್ತಿರ ಕೊಳವೆ ಜೋತು ಬೀಳದಂತೆ ಹಿಡಿದುಕೊಳ್ಳಿ, ಹೆಗಲ ಮೇಲಿನ ಟವೆಲ್ ತೆಗೆದಿಡಿ.

ಉದ್ದ ಸ್ಕ್ರೂಡ್ರೈವರನ್ನು ಕಿವಿಗೆ ಒತ್ತಿ ಕೇಳುವುದೂ ಹಳೇ ಪದ್ಧತಿಯೇ, ಕೆಲಸವೂ ಆಗುತ್ತದೆ. ಆದರೆ ಹೊರಗಿನ ಗಲಾಟೆ ಕಿವಿಗೆ ಬರುತ್ತಲೇ ಇರುತ್ತದೆ, ತಲೆಯನ್ನು ಫ್ಯಾನಿನ ಹತ್ತಿರ ತರಬೇಕಾಗುತ್ತದೆ. ಇದರಲ್ಲಿ ಎರಡೂ ಕಿವಿ ಮುಚ್ಚಿರುತ್ತವೆ, ತಲೆ ದೂರ ಇರುತ್ತದೆ. ಕೊಳ್ಳುವಾಗ ಕಡ್ಡಿ ಡಬ್ಬಿಗೆ ಸೇರುವ ತಿರುಪನ್ನು ಅಲ್ಲಾಡಿಸಿ ನೋಡಿ. ಅಲ್ಲಿ ಸಡಿಲ ಇದ್ದರೆ ಕಡ್ಡಿಯೇ ಟಕ್ ಟಕ್ ಅನ್ನುತ್ತದೆ. ಕೊಳವೆ ಗಡುಸಾಗಿದ್ದರೆ ಬಿಡಿ, ಕಡ್ಡಿ ಉದ್ದ ಇರುವುದನ್ನೇ ಆರಿಸಿ.