ಬ್ಲ್ಯಾಕ್‌ಗೇಟ್: ಹೊಡೆದಾಟಕ್ಕೆ ಕೊರತೆ ಇಲ್ಲ, ಪತ್ತೇದಾರಿಕೆ ಮಾತ್ರ ಸಿಗುವುದಿಲ್ಲ

ಬ್ಯಾಟ್‌ಮ್ಯಾನ್ ಗೇಮ್ ಅಂದ ಮೇಲೆ ಕೈಗೂ ಕೆಲಸ ಇರಬೇಕು, ತಲೆಗೂ ಕೆಲಸ ಇರಬೇಕು. 1939ರಲ್ಲಿ ಅವನು ಮೊದಲ ಸಲ ಕಾಣಿಸಿಕೊಂಡ ಪತ್ರಿಕೆಯ ಹೆಸರೇ ಡಿಟೆಕ್ಟಿವ್ ಕಾಮಿಕ್ಸ್. ಮುಖವಾಡ, ಕೇಪು ಎಲ್ಲ ಇರಲಿ, ಅವನು ಮೊದಲು ಪತ್ತೇದಾರ. 'ಬ್ಯಾಟ್‌ಮ್ಯಾನ್: ಆರ್ಕಮ್ ಆರಿಜಿನ್ಸ್ ಬ್ಲ್ಯಾಕ್‌ಗೇಟ್' ಗೇಮನ್ನು ಮೊದಲು ಕೈಯಲ್ಲಿ ಹಿಡಿದು ಆಡುವ ಪಿಎಸ್ ವೀಟಾದಲ್ಲಿ ಆಡಿದೆ, ಆಮೇಲೆ ಕಂಪ್ಯೂಟರ್‌ನಲ್ಲಿ ಡಿಲಕ್ಸ್ ಆವೃತ್ತಿ ಆಡಿದೆ. ವರ್ಷಗಳಿಂದ ಆಗಾಗ ಮತ್ತೆ ಶುರು ಮಾಡುತ್ತಲೇ ಇದ್ದೇನೆ. ಇಷ್ಟು ದಿನ ಆಡಿದ ಮೇಲೂ ನನ್ನ ದೂರು ಒಂದೇ. ಇದರಲ್ಲಿ ಪತ್ತೇದಾರನ ಕಣ್ಣು ಇದೆ, ಪತ್ತೇದಾರನ ಬುದ್ಧಿಗೆ ಕೆಲಸ ಇಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. 2013ರ ಅಕ್ಟೋಬರ್‌ನಲ್ಲಿ ಟಿವಿಗೆ ಜೋಡಿಸಿ ಆಡುವ ದೊಡ್ಡ ಕನ್ಸೋಲ್‌ಗಳಿಗೆ ಬ್ಯಾಟ್‌ಮ್ಯಾನ್‌ನ ಆರ್ಕಮ್ ಸರಣಿಯ 'ಆರ್ಕಮ್ ಆರಿಜಿನ್ಸ್' ಬಂದ ದಿನವೇ ಇದು ವೀಟಾ ಮತ್ತು ಅದರಂಥದ್ದೇ ನಿಂಟೆಂಡೊ 3ಡಿಎಸ್‌ಗೆ ಬಂತು. ಮಾಡಿದ್ದು ಆರ್ಮೇಚರ್ ಸ್ಟುಡಿಯೊ. ಆ ಸ್ಟುಡಿಯೊ ಕಟ್ಟಿದವರು ನಿಂಟೆಂಡೊದ 'ಮೆಟ್ರಾಯ್ಡ್ ಪ್ರೈಮ್' ಗೇಮ್ ಮೇಲೆ ಕೆಲಸ ಮಾಡಿದ್ದವರು. ಕಥೆ ಸರಳ. ಬ್ಲ್ಯಾಕ್‌ಗೇಟ್ ಜೈಲಿನಲ್ಲಿ ಗಲಭೆ ಎದ್ದಿದೆ. ಬ್ಯಾಟ್‌ಮ್ಯಾನ್‌ನ ವೈರಿಗಳಾದ ಜೋಕರ್, ಪೆಂಗ್ವಿನ್, ಬ್ಲ್ಯಾಕ್ ಮಾಸ್ಕ್ ಮೂವರೂ ಜೈಲಿನ ಒಂದೊಂದು ಭಾಗ ಹಿಡಿದುಕೊಂಡು ಕೂತಿದ್ದಾರೆ. ಯಾರ ಹತ್ತಿರ ಮೊದಲು ಹೋಗಬೇಕು ಅನ್ನುವುದು ನಮಗೆ ಬಿಟ್ಟಿದ್ದು. ಈ ಸ್ವಾತಂತ್ರ್ಯ ನನಗೆ ತುಂಬಾ ಹಿಡಿಸಿತು.

ಹೊಡೆದಾಟದ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ, ಚೆನ್ನಾಗಿದೆ. ದೊಡ್ಡ ಆರ್ಕಮ್ ಗೇಮ್‌ಗಳಲ್ಲಿ ಇದ್ದ ಲಯವನ್ನು ಪಕ್ಕದಿಂದ ನೋಡುವ ಪರದೆಗೆ ಇಳಿಸುವುದು ಸುಲಭ ಅಲ್ಲ. ವೈರಿಗಳು ಎಡಬಲದಿಂದಷ್ಟೇ ಅಲ್ಲ, ಹಿಂದಿನ ಸಾಲಿನಿಂದಲೂ ನುಗ್ಗುತ್ತಾರೆ. ಬ್ಯಾಟ್‌ಮ್ಯಾನ್ ತಾನೇ ಮುಂದಕ್ಕೂ ಹಿಂದಕ್ಕೂ ಜಿಗಿಯುತ್ತಾನೆ. ಸರಿಯಾದ ಕ್ಷಣಕ್ಕೆ ಬಟನ್ ಒತ್ತಿದರೆ ಏಟು ತಪ್ಪಿಸಿ ತಿರುಗೇಟು ಕೊಡುವ ಖುಷಿ ಇಲ್ಲೂ ಇದೆ.

ಇನ್ನು ನನ್ನ ತಕರಾರಿಗೆ ಬರುತ್ತೇನೆ.

ಒಂದು ಕೋಣೆಗೆ ಕಾಲಿಡುತ್ತೀರಿ. ಡಿಟೆಕ್ಟಿವ್ ಮೋಡ್ ಆನ್ ಮಾಡುತ್ತೀರಿ. ಪರದೆಯ ಬಣ್ಣ ಬದಲಾಗುತ್ತದೆ, ಮುಖ್ಯವಾದ ವಸ್ತುಗಳು ಎದ್ದು ಕಾಣುತ್ತವೆ. ಗುರಿಯನ್ನು ಗೋಡೆಯ ಮೇಲೆ ತಂದು ಸ್ವಲ್ಪ ಹೊತ್ತು ಹಿಡಿಯಬೇಕು. ಈ ಗೋಡೆ ದುರ್ಬಲ, ಸ್ಫೋಟಿಸುವ ಜೆಲ್ ಬಳಸಿ ಅನ್ನುವ ಅರ್ಥದ ಮಾಹಿತಿ ಬರುತ್ತದೆ. ಜೆಲ್ ಇದ್ದರೆ ಒಡೆಯಿರಿ, ಇಲ್ಲದಿದ್ದರೆ ಸಿಕ್ಕ ಮೇಲೆ ವಾಪಸ್ ಬನ್ನಿ. ಮುಂದಿನ ಕೋಣೆಯಲ್ಲಿ ಒಂದು ಜಾಲರಿ. ಮತ್ತೆ ಮೋಡ್ ಆನ್, ಮತ್ತೆ ಗುರಿ, ಮತ್ತೆ ಕಾಯುವುದು. ಇದಕ್ಕೆ ಬ್ಯಾಟ್‌ಕ್ಲಾ, ಅಂದರೆ ದೂರದಿಂದ ಹಿಡಿದು ಎಳೆಯುವ ಕೊಕ್ಕೆ ಬೇಕು. ಇಡೀ ಜೈಲು ಹೀಗೇ.

ಇದು ಪತ್ತೇದಾರಿಕೆ ಹೇಗಾಗುತ್ತದೆ? ನಾನು ಏನನ್ನೂ ಗಮನಿಸಲಿಲ್ಲ, ಒಂದಕ್ಕೊಂದು ಜೋಡಿಸಲಿಲ್ಲ, ಅನುಮಾನ ಪಡಲಿಲ್ಲ. ಬಟನ್ ಒತ್ತಿದೆ, ಗೇಮ್ ಉತ್ತರ ಹೇಳಿತು ಅಷ್ಟೇ. ಇನ್ನೂ ಬೇಜಾರಿನ ವಿಷಯ ಅಂದರೆ, ಏನಾದರೂ ತಪ್ಪಿಹೋದೀತು ಅನ್ನುವ ಭಯಕ್ಕೆ ಬಹುಪಾಲು ಸಮಯ ಆ ಮೋಡ್‌ನಲ್ಲೇ ಓಡಾಡುತ್ತೇವೆ. ಕಷ್ಟಪಟ್ಟು ಬಿಡಿಸಿದ ತುಕ್ಕು ಹಿಡಿದ ಕೊಳವೆಗಳು, ಕತ್ತಲೆಯ ಸೆಲ್‌ಗಳು ಕಣ್ಣಿಗೇ ಬೀಳುವುದಿಲ್ಲ. 2009ರ 'ಆರ್ಕಮ್ ಅಸೈಲಮ್' ಬಂದಾಗಲೇ ಜನ ಈ ಮಾತು ಆಡಿದ್ದರು. ಇಲ್ಲಿ ಅದು ಇನ್ನೂ ಜಾಸ್ತಿಯಾಗಿದೆ.

'ಮೆಟ್ರಾಯ್ಡ್ ಪ್ರೈಮ್'ನಲ್ಲೂ ಸ್ಕ್ಯಾನ್ ಮಾಡುವುದು ಇತ್ತು, ಅಲ್ವಾ? ಅಲ್ಲಿ ಒಂದು ಗೋಡೆಬರಹ ಸ್ಕ್ಯಾನ್ ಮಾಡಿದರೆ ಅಳಿದುಹೋದ ಒಂದು ಜನಾಂಗದ ಕಥೆ ಸಿಗುತ್ತಿತ್ತು. ಒಂದು ಪ್ರಾಣಿಯನ್ನು ಸ್ಕ್ಯಾನ್ ಮಾಡಿದರೆ ಅದರ ದೌರ್ಬಲ್ಯ ಎಲ್ಲಿದೆ ಅನ್ನುವುದು ಗೊತ್ತಾಗುತ್ತಿತ್ತು. ಓದಿದ್ದು ಮುಂದೆ ಉಪಯೋಗಕ್ಕೆ ಬರುತ್ತಿತ್ತು. ಅದೇ ಪರಂಪರೆಯ ಜನ ಇಲ್ಲಿ ಸ್ಕ್ಯಾನ್ ಅನ್ನು ಬರೀ ಬಾಗಿಲ ಕೀಲಿಯ ಮಟ್ಟಕ್ಕೆ ಇಳಿಸಿದ್ದು ನನಗೆ ನಿಜಕ್ಕೂ ನೋವು ತಂದಿತು. ಅಪರಾಧಗಳ ಸುಳಿವು ಹುಡುಕಿ ಕೂಡಿಸುವ ಭಾಗ ಇದೆ ಅನ್ನುವುದೇನೋ ಸರಿ. ಆದರೆ ಸುಳಿವು ಸಿಕ್ಕಿದ ಮೇಲೆ ಯೋಚಿಸಲು ಏನೂ ಉಳಿಯುವುದಿಲ್ಲ. ಸುಮ್ನೆ ಪಟ್ಟಿ ತುಂಬುತ್ತದೆ. ಅದೇ ದಿನ ಬಂದ 'ಆರಿಜಿನ್ಸ್'ನಲ್ಲಿ ಅಪರಾಧ ನಡೆದ ಜಾಗವನ್ನು ಮರುಸೃಷ್ಟಿಸಿ, ಘಟನೆಯನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿ ನೋಡುವ ವ್ಯವಸ್ಥೆ ಇತ್ತು. ಅದೂ ಕೈ ಹಿಡಿದು ನಡೆಸುವಂಥದ್ದೇ, ಆದರೂ ತನಿಖೆ ಮಾಡುತ್ತಿದ್ದೇನೆ ಅನ್ನಿಸುತ್ತಿತ್ತು.

ಕಥೆಯಲ್ಲೂ ಇದೇ ಗೋಳು. ಜೈಲಿನೊಳಗೆ ಕಳ್ಳಿ ಕ್ಯಾಟ್‌ವುಮನ್ ಸಹಾಯಕ್ಕೆ ಬರುತ್ತಾಳೆ. ಅವಳು ಹೇಳುವುದನ್ನು ನಂಬಬೇಕಾ ಬೇಡವಾ? ಒಳ್ಳೆಯ ಪತ್ತೇದಾರಿ ಕಥೆಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕಾ? ಆದರೆ ಆ ಪ್ರಶ್ನೆಯನ್ನು ಆಟಗಾರನ ಕೈಗೆ ಕೊಡುವುದೇ ಇಲ್ಲ. ಕಾಮಿಕ್ಸ್ ಶೈಲಿಯ ದೃಶ್ಯಗಳಲ್ಲಿ ಎಲ್ಲ ತಾನೇ ಬಿಚ್ಚಿಕೊಳ್ಳುತ್ತದೆ. ಆ ದೃಶ್ಯಗಳು ನೋಡಲು ಚೆಂದ, ಜೋಕರ್‌ಗೆ ಟ್ರಾಯ್ ಬೇಕರ್ ಕೊಟ್ಟ ದನಿಯಂತೂ ಸೊಗಸು.

ಮ್ಯಾಪ್ ಇನ್ನೊಂದು ತಲೆನೋವು. ನಾವು ಆಡುವುದು ಪಕ್ಕದಿಂದ, ಮ್ಯಾಪ್ ತೋರಿಸುವುದು ಮೇಲಿನಿಂದ. ಓಣಿಗಳು ಪರದೆಯ ಒಳಕ್ಕೂ ತಿರುಗುತ್ತವೆ. ಒಂದರ ಮೇಲೊಂದು ಮಹಡಿ ಬಂದಾಗ ಮ್ಯಾಪ್‌ನಲ್ಲಿ ಮೇಲಿನ ಕೋಣೆ ಯಾವುದು, ಕೆಳಗಿನದು ಯಾವುದು ತಿಳಿಯುವುದಿಲ್ಲ. ಗುರುತಿನ ಮೇಲೆಯೇ ನಿಂತಿರುತ್ತೇನೆ, ಗುರಿ ಮಾತ್ರ ಎರಡು ಮಹಡಿ ಕೆಳಗೆ ಇರುತ್ತದೆ. ಹೊಸ ಸಾಧನ ಸಿಕ್ಕ ಮೇಲೆ ಹಳೇ ಜಾಗಕ್ಕೆ ಮರಳುವುದೇ ಈ ಬಗೆಯ ಗೇಮ್‌ಗಳ ಜೀವಾಳ. ದಾರಿಯೇ ಗೊತ್ತಾಗದಿದ್ದರೆ ಆ ಖುಷಿ ಸತ್ತುಹೋಗುತ್ತದೆ. 2014ರಲ್ಲಿ ಬಂದ ಡಿಲಕ್ಸ್ ಆವೃತ್ತಿಯಲ್ಲಿ ಮ್ಯಾಪ್ ಸುಧಾರಿಸಿದ್ದಾರೆ, ಎಲ್ಲಿಗೆ ಹೋಗಬೇಕು ಅನ್ನುವ ಗುರುತು ಈಗ ಸ್ಪಷ್ಟವಾಗಿದೆ. ದೊಡ್ಡ ಪರದೆಯಲ್ಲಿ ಚಿತ್ರವೂ ಚೊಕ್ಕ. ಡಿಟೆಕ್ಟಿವ್ ಮೋಡ್ ಮಾತ್ರ ಮೊದಲಿನಂತೆಯೇ ಇದೆ.

ಬಾಸ್‌ಗಳ, ಅಂದರೆ ದೊಡ್ಡ ವೈರಿಗಳ ಜೊತೆಗಿನ ಹೋರಾಟಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಒಂದೇ ತೆರನಾಗಿಲ್ಲ. ಕೆಲವು ಸೊಗಸಾಗಿವೆ. ಇನ್ನು ಕೆಲವದರಲ್ಲಿ ಒಂದೇ ಒಂದು ಸರಿ ದಾರಿ ಇರುತ್ತದೆ, ಅದು ಸಿಗುವವರೆಗೆ ಸತ್ತು ಸತ್ತು ಕಲಿಯಬೇಕು. ಇಲ್ಲಿಯೇ ಡಿಟೆಕ್ಟಿವ್ ಮೋಡ್ ನಿಜವಾದ ಕೆಲಸಕ್ಕೆ ಬರಬಹುದಿತ್ತು. ವೈರಿಯ ಚಲನೆ ನೋಡಿ, ಕೋಣೆಯಲ್ಲಿ ಇರುವುದನ್ನು ಲೆಕ್ಕ ಹಾಕಿ, ಉಪಾಯ ಹೂಡುವ ಅವಕಾಶ ಕೊಟ್ಟಿದ್ದರೆ ಈ ಗೇಮ್‌ನ ತೂಕವೇ ಬೇರೆ ಇರುತ್ತಿತ್ತು.

ತೆಗೆದುಕೊಳ್ಳುವ ಮನಸ್ಸಿದ್ದರೆ ಡಿಲಕ್ಸ್ ಆವೃತ್ತಿಯನ್ನೇ ತೆಗೆದುಕೊಳ್ಳಿ. ಕಂಟ್ರೋಲರ್ ಹಿಡಿದು ಆಡಿ. ಮೊದಲ ಸಲ ಆಡುವಾಗ ಡಿಟೆಕ್ಟಿವ್ ಮೋಡ್ ಆದಷ್ಟು ಆಫ್ ಮಾಡಿ, ಬರಿಗಣ್ಣಿನಿಂದ ಕೋಣೆಗಳನ್ನು ನೋಡಿ, ಎಲ್ಲಿ ಸಿಕ್ಕಿಕೊಂಡಿರೋ ಅಲ್ಲಿ ಮಾತ್ರ ಆನ್ ಮಾಡಿ. ನಾನು ಈಗ ಹಾಗೇ ಆಡುತ್ತೇನೆ. ಕೆಲವು ರಹಸ್ಯ ಪೆಟ್ಟಿಗೆಗಳು ಕೈತಪ್ಪುತ್ತವೆ, ಪರವಾಗಿಲ್ಲ. ಹುಡುಕಿ ಸಿಕ್ಕಿದ್ದು ನನ್ನ ಕಣ್ಣಿಗೆ ಬಿದ್ದದ್ದು ಅನ್ನಿಸುತ್ತದೆ.