ಒಬ್ಬನೇ ಚಕ್ರವರ್ತಿ, ಎರಡು ಚೀನೀ ಸೀರಿಯಲ್: ಎಲ್ಲರೂ ‘ಯಾನ್‌ಶಿ’ ಅಂತಾರೆ, ನನ್ನ ಮತ ‘ರೂಯಿ’ಗೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ‘ರೂಯೀಸ್ ರಾಯಲ್ ಲವ್ ಇನ್ ದ ಪ್ಯಾಲೇಸ್’ಗೆ. ‘ಸ್ಟೋರಿ ಆಫ್ ಯಾನ್‌ಶಿ ಪ್ಯಾಲೇಸ್’ ಅನ್ನೂ ಬಿಡದೆ ನೋಡಿದ್ದೇನೆ, ಇದೊಂದೇ ಎಪಿಸೋಡ್ ಅಂದುಕೊಂಡು ಎಷ್ಟೋ ರಾತ್ರಿ ನಿದ್ದೆ ಕೆಟ್ಟಿದ್ದೇನೆ. ಆದರೂ ಎರಡೂ ಮುಗಿದ ಮೇಲೆ ಮನಸ್ಸಲ್ಲಿ ಕೂತಿದ್ದು ರೂಯಿ. ಯಾರನ್ನು ಕೇಳಿದರೂ ‘ಅಯ್ಯೋ ರೂಯಿ ತುಂಬಾ ಸ್ಲೋ, ಅರ್ಧಕ್ಕೇ ಬಿಟ್ಟೆ’ ಅನ್ನುತ್ತಾರೆ. ಹಾಗೆ ಬಿಟ್ಟವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಕಥೆಯ ಗುಟ್ಟುಗಳೂ ಅಲ್ಲಲ್ಲಿ ಹೊರಬೀಳುತ್ತವೆ, ಇನ್ನೂ ನೋಡದವರು ಹುಷಾರು.

ಈ ಎರಡನ್ನೇ ಯಾಕೆ ಪಕ್ಕಪಕ್ಕ ಇಡಬೇಕು ಅಂದರೆ, ಎರಡರಲ್ಲೂ ಇರುವುದು ಅದೇ ಜನ. 1735ರಿಂದ 1796ರವರೆಗೆ ಆಳಿದ ಚಿಯೆನ್‌ಲಾಂಗ್ ಚಕ್ರವರ್ತಿ, ಅವನ ಮೊದಲ ಮಹಾರಾಣಿ ಫೂಚಾ, ಆಮೇಲೆ ಪಟ್ಟಕ್ಕೆ ಬಂದ ನಾರಾ ಮನೆತನದ ಎರಡನೆಯ ಮಹಾರಾಣಿ, ಮತ್ತೆ ಕೆಳಗಿನಿಂದ ಮೇಲೇರಿ ಮುಂದಿನ ಚಕ್ರವರ್ತಿಯ ತಾಯಿಯಾದ ವೇ ಮನೆತನದ ಹೆಣ್ಣು. ಎರಡೂ 2018ರಲ್ಲೇ ಬಂದವು. ಯಾನ್‌ಶಿ ಜುಲೈನಲ್ಲಿ ಶುರುವಾಯಿತು, ಅದು ಮುಗಿಯುವ ಮೊದಲೇ ಆಗಸ್ಟ್‌ನಲ್ಲಿ ರೂಯಿ ಬಂತು. ಯಾನ್‌ಶಿಯಲ್ಲಿ ವೇ ನಾಯಕಿ, ನಾರಾ ಖಳನಾಯಕಿ. ರೂಯಿಯಲ್ಲಿ ಪೂರ್ತಿ ತಿರುಗುಮುರುಗು, ನಾರಾ ನಾಯಕಿ, ಅಲ್ಲಿ ಅವಳ ಹೆಸರೇ ರೂಯಿ, ವೇ ವಿಷದ ಹಾವು. ಒಂದೇ ಇತಿಹಾಸದಿಂದ ಇಷ್ಟು ವಿರುದ್ಧವಾದ ಎರಡು ಕಥೆ ಚೀನಾದ ಒಂದೇ ಬೇಸಿಗೆಯಲ್ಲಿ ಬಂದದ್ದು ನನಗಂತೂ ಬೇರೆಲ್ಲೂ ನೋಡಲು ಸಿಕ್ಕಿಲ್ಲ.

ಯಾನ್‌ಶಿಯ ಬಲ ಅದರ ವೇಗ. ವೇ ಯಿಂಗ್‌ಲ್ವೊ ಅಕ್ಕನ ಸಾವಿನ ಗುಟ್ಟು ಹುಡುಕಿಕೊಂಡು ಕಸೂತಿ ಕೆಲಸದ ದಾಸಿಯಾಗಿ ಅರಮನೆಗೆ ಬರುತ್ತಾಳೆ. ಮೊದಲ ಎಪಿಸೋಡ್‌ನಲ್ಲೇ ಒಬ್ಬಳು ಸೊಕ್ಕಿನ ಹುಡುಗಿಗೆ ಬುದ್ಧಿ ಕಲಿಸುತ್ತಾಳೆ. ಆ ಹುಡುಗಿಯ ಚಪ್ಪಲಿಯ ಅಡಿಯಲ್ಲಿ ಕಮಲದ ಕೆತ್ತನೆ, ನಡೆದಲ್ಲೆಲ್ಲ ನೆಲದ ಮೇಲೆ ಪುಡಿಯ ಕಮಲ ಮೂಡುತ್ತದೆ, ಅದೇ ಅವಳಿಗೆ ಮುಳುವಾಗುತ್ತದೆ. ಅಲ್ಲಿಂದ ಮುಂದೆ ಯಾರು ಒಂದು ಏಟು ಕೊಟ್ಟರೂ ಯಿಂಗ್‌ಲ್ವೊ ಕಾಯುವುದಿಲ್ಲ, ಒಂದೆರಡು ಎಪಿಸೋಡ್‌ನಲ್ಲಿ ಬಡ್ಡಿ ಸಮೇತ ವಾಪಸ್. ಈ ಪಾತ್ರ ಮಾಡಿದ ವೂ ಜಿನ್‌ಯಾನ್ ಕಣ್ಣಲ್ಲೇ ಮಾತಾಡುತ್ತಾಳೆ. ನಮ್ಮ ಅಮ್ಮನಿಗೆ ಇವಳೆಂದರೆ ಪ್ರಾಣ. ನಾನು ಸಬ್‌ಟೈಟಲ್ ಓದಿ ಕನ್ನಡದಲ್ಲಿ ಹೇಳುವ ಮೊದಲೇ ‘ಈಗ ಇವಳು ಬಿಡಲ್ಲ ನೋಡು’ ಅನ್ನುತ್ತಿದ್ದರು.

ಆದರೆ ಆ ವೇಗಕ್ಕಾಗಿ ಕಥೆಯ ನಂಬಿಕೆಯನ್ನೇ ಎಷ್ಟೋ ಸಲ ಬಲಿ ಕೊಟ್ಟಿದ್ದಾರೆ. ಅಕ್ಕನ ಸಾವಿಗೆ ಕಾರಣಳಾದ ಹಿರಿಯ ರಾಣಿಗೆ ಸಿಡಿಲು ಹೊಡೆಯುತ್ತದೆ, ಅದನ್ನೂ ನಾಯಕಿಯೇ ಲೆಕ್ಕ ಹಾಕಿ ಹೊಡೆಸಿದ್ದು. ನೋಡುವಾಗ ಚಪ್ಪಾಳೆ ಹೊಡೆದಿದ್ದೇನೆ. ಮರುದಿನ ಯೋಚನೆ ಮಾಡಿದಾಗ, ಇವಳು ಸೋಲುವುದೇ ಇಲ್ಲ ಅಂತ ಗೊತ್ತಾದ ಮೇಲೆ ಭಯ ಎಲ್ಲಿಂದ ಬರಬೇಕು ಅನ್ನಿಸಿತು.

ಯಾನ್‌ಶಿಯಲ್ಲಿ ನಿಜವಾಗಿ ಬೆಳೆಯುವ ಪಾತ್ರ ಯಿಂಗ್‌ಲ್ವೊ ಅಲ್ಲ, ಚಾರ್ಮೇನ್ ಶೇ ಮಾಡಿದ ನಾರಾ. ಮೊದಲು ಯಾರ ತಂಟೆಗೂ ಹೋಗದ ಒಳ್ಳೆಯ ಹೆಂಗಸು. ತಮ್ಮ ಸಾಯುತ್ತಾನೆ, ಅಪ್ಪ ಸಾಯುತ್ತಾನೆ, ಅಮ್ಮನೂ ಹೋಗುತ್ತಾಳೆ, ಒಳ್ಳೆಯತನದಿಂದ ಯಾರನ್ನೂ ಉಳಿಸಿಕೊಳ್ಳಲು ಆಗುವುದಿಲ್ಲ. ಆಮೇಲೆ ಅವಳ ದನಿ ಜೋರಾಗುವುದಿಲ್ಲ, ಇನ್ನೂ ಮೆತ್ತಗಾಗುತ್ತದೆ. ಆ ಮೆತ್ತಗಿನ ದನಿಯೇ ಹೆದರಿಕೆ ಹುಟ್ಟಿಸುತ್ತದೆ. ಚಿನ್ ಲಾನ್ ಮಾಡಿದ ಫೂಚಾ ಮಹಾರಾಣಿಯೂ ಅಷ್ಟೇ ಚೆನ್ನ. ಮುತ್ತುರತ್ನದ ಬದಲು ನೂಲಿನ ಹೂವು ಮುಡಿಯುತ್ತಿದ್ದಳು ಅಂತ ಇತಿಹಾಸದಲ್ಲೂ ಇದೆ, ಸೀರಿಯಲ್‌ನಲ್ಲಿ ಅವಳ ತಲೆ ಮೇಲೆ ಅದೇ ಹೂವು. ನಿಜವಾದ ಫೂಚಾ 1748ರಲ್ಲಿ ಚಕ್ರವರ್ತಿಯ ಜೊತೆ ಪ್ರವಾಸದಲ್ಲಿದ್ದಾಗ ದೆಝೋ ಊರಿನ ಹತ್ತಿರ ಕಾಯಿಲೆಯಿಂದ ತೀರಿಕೊಂಡಳು. ಸೀರಿಯಲ್‌ನಲ್ಲಿ ಕೋಟೆಯ ಗೋಡೆಯಿಂದ ಹಾರುತ್ತಾಳೆ. ಅರ್ಧ ದಾಟಿದ ಮೇಲೆ ಬರುವ ಈ ಸಾವಿನ ಜೊತೆಗೇ ಯಾನ್‌ಶಿಯ ಉಸಿರೂ ನಿಂತ ಹಾಗಾಗುತ್ತದೆ. ಕೊನೆಗೆ ಎಲ್ಲಿಂದಲೋ ಹೊಸ ರಾಣಿ, ಹೊಸ ಸೇಡು. ವೇಗವನ್ನೇ ನಂಬಿಕೊಂಡ ಕಥೆ ಕೊನೆಯ ಹದಿನೈದು ಎಪಿಸೋಡ್‌ನಲ್ಲಿ ತೆವಳುತ್ತದೆ.

ಈಗ ರೂಯಿ. ಇದರಲ್ಲಿ ಒಂದು ತೊಡಕಿದೆ, ಜನ ಬಿಟ್ಟುಹೋಗುವುದು ಅಲ್ಲಿಯೇ. ಅದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯಬೇಕು.

ನಾಯಕಿ ಬಾಯಿ ಬಿಡುವುದಿಲ್ಲ. ಗರ್ಭಿಣಿ ರಾಣಿಯರ ಹೊಟ್ಟೆಯ ಮಕ್ಕಳಿಗೆ ಯಾರೋ ಇಂಗಲೀಕದ ವಿಷ ಹಾಕಿದ್ದಾರೆ. ತಿನ್ನುವ ಮೀನಿನಲ್ಲಿ, ಉರಿಸುವ ಮೇಣದಬತ್ತಿಯಲ್ಲಿ ಅದೇ ಕೆಂಪು ಪುಡಿ, ಒಳಗಿರುವುದು ಪಾದರಸ. ಆರೋಪ ರೂಯಿಯ ಮೇಲೆ. ಸಾಕ್ಷಿ ಹೇಳುವವಳು ಅವಳದೇ ದಾಸಿ ಆ-ರುವೊ, ವರ್ಷಗಟ್ಟಲೆ ಜೊತೆಗಿದ್ದವಳು. ಆ ವಿಚಾರಣೆ ನೋಡುವಾಗ ನಾನು ಎದ್ದು ಕೂತಿದ್ದೆ. ಈಗ ಹೇಳುತ್ತಾಳೆ, ಈಗ ಎದುರು ಪ್ರಶ್ನೆ ಕೇಳುತ್ತಾಳೆ ಅಂತ ಕಾದರೆ, ನೂರು ಬಾಯಿ ಇದ್ದರೂ ನಾನು ನಿರಪರಾಧಿ ಅಂತ ತೋರಿಸಲಾರೆ ಅನ್ನುವ ಅರ್ಥದ ಒಂದು ಮಾತು ಹೇಳಿ ಸುಮ್ಮನಾಗುತ್ತಾಳೆ. ನೇರ ಶೀತಲ ಅರಮನೆಗೆ, ಅಂದರೆ ಬೇಡವಾದ ರಾಣಿಯರನ್ನು ಕೂಡಿ ಹಾಕುವ ಪಾಳುಬಿದ್ದ ಮನೆಗೆ.

ಯಾನ್‌ಶಿ ನೋಡಿ ಬಂದವರಿಗೆ ಇದು ಸಹಿಸಲು ಸಾಧ್ಯವೇ ಇಲ್ಲ. ಅಲ್ಲಿ ಯಿಂಗ್‌ಲ್ವೊ ಆಗಿದ್ದರೆ ಅಷ್ಟು ಹೊತ್ತಿಗೆ ಆ-ರುವೊಳ ಸುಳ್ಳನ್ನು ಅವಳ ಬಾಯಿಂದಲೇ ಹೊರಗೆ ಎಳೆಯುತ್ತಿದ್ದಳು. ಇಲ್ಲಿ ಎಪಿಸೋಡ್ ಮೇಲೆ ಎಪಿಸೋಡ್ ಸೋರುವ ಮಾಡು, ಮಳೆಗಾಲದ ಕೀಲುನೋವು, ಕಸೂತಿ ಮಾಡಿ ಕಾವಲುಗಾರರ ಕೈಲಿ ಮಾರಿಸುವುದು. ಚೀನಾದಲ್ಲೇ ನೋಡುಗರು ಇದಕ್ಕೆ ಸಿಟ್ಟಾಗಿದ್ದರು. ಹಿಂದೆ ‘ಎಂಪ್ರೆಸಸ್ ಇನ್ ದ ಪ್ಯಾಲೇಸ್’ ಬರೆದ ಲ್ಯೂ ಲಿಯಾನ್‌ಝಿಯೇ ಇದನ್ನೂ ಬರೆದವರು ಅಂದಮೇಲೆ ಜನ ಅಂಥದೇ ಚುರುಕು ನಾಯಕಿಯನ್ನು ಕಾಯುತ್ತಿದ್ದರು. ನನ್ನ ದೂರೂ ಇಷ್ಟು ಇದೆ, ಆ ವಿಚಾರಣೆಯಲ್ಲಿ ಅವಳಿಗೆ ನಾಲ್ಕು ಸರಿಯಾದ ಪ್ರಶ್ನೆ ಕೊಟ್ಟಿದ್ದರೆ ಕಥೆಗೆ ಏನೂ ಆಗುತ್ತಿರಲಿಲ್ಲ. ಪ್ರಶ್ನೆ ಕೇಳಿಯೂ ಸೋತಿದ್ದರೆ ಇನ್ನೂ ನೋವಾಗುತ್ತಿತ್ತು. ಇದು ಬರವಣಿಗೆಯ ಸೋಮಾರಿತನವೇ, ಬೇರೆ ಹೆಸರು ಕೊಡಲು ನನಗೆ ಇಷ್ಟವಿಲ್ಲ.

ಆದರೆ ಅಲ್ಲಿಯೇ ಬಿಟ್ಟವರಿಗೆ ಆ ಮೌನದ ಹಿಂದಿನ ಕಾರಣ ಸಿಗುವುದಿಲ್ಲ. ರೂಯಿಗೆ ಅರಮನೆ ಗೆಲ್ಲಬೇಕಾಗಿಲ್ಲ, ಗಂಡ ನಂಬಬೇಕು. ಚಿಕ್ಕಂದಿನಿಂದ ಜೊತೆಗೆ ಆಡಿ ಬೆಳೆದವನು. ಅವಳು ಅವನಿಗೆ ಕೊಟ್ಟ ಕರ್ಚೀಫಿನ ಮೇಲೆ ಹಸಿರು ಚೆರ್ರಿ, ಕೆಂಪು ಲಿಚಿ ಹಣ್ಣಿನ ಕಸೂತಿ, ಇಬ್ಬರ ಹೆಸರೂ ಅದರಲ್ಲಿ ಅಡಗಿದೆ. ನಾನು ಹೇಳಬೇಕೇ, ಅವನಿಗೇ ಗೊತ್ತಾಗಬೇಕಲ್ವಾ ಅನ್ನುವುದು ಅವಳ ಹಟ. ಈ ಹಟ ಎಪಿಸೋಡ್‌ಗಳು ಕಳೆದಂತೆ ಕರಗುತ್ತಾ ಬರುತ್ತದೆ. ವಾಲೇಸ್ ಹುವೊ ಮಾಡಿದ ಚಕ್ರವರ್ತಿ ಒಂದೇ ಸಲಕ್ಕೆ ಕೆಟ್ಟವನಾಗುವುದಿಲ್ಲ. ಮೊದಲು ಅಮ್ಮನಿಗೆ ಹೆದರುವ ಹುಡುಗ, ಆಮೇಲೆ ಮಂತ್ರಿಗಳ ಮೇಲೆ ಅನುಮಾನ, ಆಮೇಲೆ ಹೆಂಡತಿಯ ಮೇಲೆ. ತನ್ನನ್ನು ಮನಸಾರೆ ಪ್ರೀತಿಸುವ ಒಬ್ಬ ರಾಣಿಗೆ ಗರ್ಭ ನಿಲ್ಲುವ ಔಷಧಿ ಅಂತ ಹೇಳಿ ಗರ್ಭ ಆಗದ ಔಷಧಿ ಕುಡಿಸುತ್ತಾನೆ, ಯಾಕೆಂದರೆ ಅವಳನ್ನು ಕಳಿಸಿಕೊಟ್ಟವಳು ತನ್ನ ತಾಯಿ. ಅವಳು ಪ್ರತಿ ಸಲ ಕುಡಿಯುವಾಗ ಸಂತೋಷದಿಂದ ಕುಡಿಯುತ್ತಾಳೆ. ಈ ಒಂದು ಎಳೆಗೆ ಯಾನ್‌ಶಿಯ ಎಲ್ಲ ಸೇಡುಗಳನ್ನೂ ಕೊಟ್ಟುಬಿಡಬಹುದು.

ಯಾನ್‌ಶಿಯಲ್ಲಿ ಚಕ್ರವರ್ತಿಯಾದ ನಟ ನಿಯೆ ಯುವಾನ್ ಮುದ್ದಾಗಿ ಸಿಡುಕುತ್ತಾನೆ, ನಗಿಸುತ್ತಾನೆ. ಚೀನಾದ ನೋಡುಗರು ಅವನಿಗೆ ‘ದೊಡ್ಡ ಹಂದಿಕಾಲು’, ಅಂದರೆ ಹೆಣ್ಣಿನ ಮನಸ್ಸು ತಿಳಿಯದ ಚಂಚಲ ಗಂಡಸು, ಅಂತ ಅಡ್ಡಹೆಸರನ್ನೇ ಇಟ್ಟರು, ಆ ವರ್ಷ ಅದು ಎಲ್ಲರ ಬಾಯಲ್ಲೂ ಇತ್ತು. ಇಷ್ಟವಾಗುತ್ತಾನೆ, ಅಷ್ಟೇ.

ಎರಡನ್ನೂ ತೂಗಲು ಒಂದೇ ಒಂದು ದೃಶ್ಯ ಸಾಕು. 1765ರಲ್ಲಿ ಚಕ್ರವರ್ತಿಯ ದಕ್ಷಿಣ ಪ್ರವಾಸದ ಹೊತ್ತಿಗೆ, ಹಾಂಗ್‌ಝೋನಲ್ಲಿ, ನಾರಾ ಮಹಾರಾಣಿ ತನ್ನ ಕೂದಲು ಕತ್ತರಿಸಿಕೊಂಡಳು. ಈ ರಾಜಮನೆತನ ಸೇರಿದ ಮಂಚೂ ಜನರಲ್ಲಿ ಗಂಡನೋ ಅತ್ತೆಯೋ ಸತ್ತಾಗ ಮಾತ್ರ ಹೆಂಗಸು ಕೂದಲು ಕತ್ತರಿಸುವುದು. ಗಂಡ ಬದುಕಿದ್ದಾಗ ಕತ್ತರಿಸಿದರೆ ಅದು ಶಾಪ ಹಾಕಿದ ಹಾಗೆ. ಅವಳನ್ನು ಬೀಜಿಂಗ್‌ಗೆ ವಾಪಸ್ ಕಳಿಸಿದರು, ಮರುವರ್ಷ ಸತ್ತಳು, ಮಹಾರಾಣಿಯ ಮರ್ಯಾದೆಯಲ್ಲಿ ಮಣ್ಣು ಮಾಡಲೂ ಇಲ್ಲ. ಕತ್ತರಿಸಿದ್ದು ಯಾಕೆ ಅನ್ನುವುದು ಇತಿಹಾಸದಲ್ಲಿ ಖಚಿತವಾಗಿಲ್ಲ, ಕಥೆಗಾರರಿಗೆ ಅದೇ ಜಾಗ. ಯಾನ್‌ಶಿ ಇದನ್ನು ಕೊನೆಯ ಎಪಿಸೋಡ್‌ಗೆ ಇಟ್ಟು, ಪಿತೂರಿ ಬಯಲಾಗಿ ಹತಾಶಳಾದ ಖಳನಾಯಕಿಯ ಕೂಗಾಟ ಮಾಡಿದೆ. ಚಾರ್ಮೇನ್ ಶೇ ಜೀವ ತುಂಬಿದ್ದಾಳೆ, ಆದರೂ ಅದು ಸೋತವಳ ಸಿಟ್ಟು. ರೂಯಿಯಲ್ಲಿ ಅದೇ ಕತ್ತರಿ ಬರುವ ಹೊತ್ತಿಗೆ ನಾವು ಎಂಬತ್ತು ಎಪಿಸೋಡ್ ದಾಟಿರುತ್ತೇವೆ. ಅವಳು ಕತ್ತರಿಸುವುದು ಎದುರಿಗೆ ನಿಂತಿರುವ ಚಕ್ರವರ್ತಿಗಾಗಿ ಅಲ್ಲ, ಒಂದು ಕಾಲದಲ್ಲಿ ಅವನೊಳಗೆ ಇದ್ದ ಆ ಹುಡುಗನಿಗಾಗಿ, ಅವನು ಸತ್ತ ಅಂತ. ಆ ಕ್ಷಣ ಅರ್ಥವಾಗಬೇಕಾದರೆ ಮೊದಲಿನ ನಿಧಾನ ಬೇಕೇ ಬೇಕು. ಸುಮ್ನೆ ಯೂಟ್ಯೂಬ್‌ನಲ್ಲಿ ಆ ತುಣುಕು ಮಾತ್ರ ನೋಡಿದವರಿಗೆ ಒಬ್ಬಳು ಕೂದಲು ಕತ್ತರಿಸಿದಳು ಅಂತಷ್ಟೇ ಕಾಣುತ್ತದೆ.

ಇನ್ನು ಕೆಲವು ಸಣ್ಣಪುಟ್ಟ ವಿಷಯ. ರೂಯಿಯಾಗಿ ನಟಿಸಿದ ಝೋ ಶುನ್ ದನಿ ಅವಳದೇ, ಡಬ್ಬಿಂಗ್ ಅಲ್ಲ. ಹದಿಹರೆಯದ ಹುಡುಗಿಯಾಗಿ ಬರುವ ಮೊದಲ ಎಪಿಸೋಡ್‌ಗಳಲ್ಲಿ ಆ ಒಡಕು ದನಿ ಹೊಂದುವುದಿಲ್ಲ, ವಯಸ್ಸಾದ ಮೇಲೆ ಬೇರೆ ಯಾವ ದನಿಯೂ ಹೊಂದುತ್ತಿರಲಿಲ್ಲ. ಬಟ್ಟೆಬರೆ, ಬಣ್ಣ ಯಾನ್‌ಶಿಯದು ಮೇಲು. ಗೆಳತಿಯ ಪಾತ್ರ ರೂಯಿಯ ಹೈಲಾನ್‌ದು, ಅದರ ಮುಂದೆ ಇನ್ನೊಂದಿಲ್ಲ. ರೂಯಿಯ ಖಳನಾಯಕಿ ವೇ ಯಾನ್‌ವಾನ್ ಮಾಡುವ ಕೇಡುಗಳ ಪಟ್ಟಿ ಜಾಸ್ತಿಯಾಯಿತು, ಅದರಲ್ಲಿ ಅರ್ಧ ತೆಗೆಯಬಹುದಿತ್ತು.

ಉದ್ದದ ಮಾತು. ಯಾನ್‌ಶಿ 70 ಎಪಿಸೋಡ್, ರೂಯಿ 87, ಒಂದೊಂದೂ ಸುಮಾರು 45 ನಿಮಿಷ. ನಮ್ಮ ಧಾರಾವಾಹಿಗಳ ಹಾಗೆ ಟಿಆರ್‌ಪಿ ನೋಡಿಕೊಂಡು ಎಳೆಯುವುದಲ್ಲ ಇದು. ರೂಯಿಯ ಶೂಟಿಂಗ್ 2017ರಲ್ಲೇ ಮುಗಿದಿತ್ತು, ಹಾಗಾಗಿ ಕೊನೆ ಏನು ಅಂತ ಮಾಡಿದವರಿಗೆ ಮೊದಲ ಎಪಿಸೋಡ್‌ಗೇ ಗೊತ್ತಿರುತ್ತದೆ. ಆಮೇಲೆ ಇಷ್ಟು ಉದ್ದದವು ಕಡಿಮೆಯಾದವು. 2019ರ ಜನವರಿಯಲ್ಲಿ ಬೀಜಿಂಗ್‌ನ ಸರ್ಕಾರಿ ಪತ್ರಿಕೆಯೊಂದು ಅರಮನೆ ಸೀರಿಯಲ್‌ಗಳನ್ನು ಕಟುವಾಗಿ ಟೀಕಿಸಿತು, ಟಿವಿ ಚಾನೆಲ್‌ಗಳಿಂದ ಇವು ಮಾಯವಾದವು. 2020ರಲ್ಲಿ ಸೀರಿಯಲ್ 40 ಎಪಿಸೋಡ್ ದಾಟದಿದ್ದರೆ ಒಳ್ಳೆಯದು ಅಂತ ಸರ್ಕಾರವೇ ಸೂಚನೆ ಕೊಟ್ಟಿತು. ಯಾನ್‌ಶಿಗೆ 40 ಸಾಕಿತ್ತು ಅಂತ ನನಗೂ ಅನ್ನಿಸುತ್ತದೆ. ರೂಯಿಯನ್ನು 40ಕ್ಕೆ ಇಳಿಸಿದ್ದರೆ ಅದು ಇನ್ನೊಂದು ಯಾನ್‌ಶಿ ಆಗಿರುತ್ತಿತ್ತು.

ದುಡ್ಡಿನ ವಿಷಯಕ್ಕೆ ಬಂದರೆ, ಇವಕ್ಕಾಗಿ ವರ್ಷದ ಚಂದಾ ಕಟ್ಟಬೇಡಿ. ನಾನು ಒಂದು ಆ್ಯಪ್‌ಗೆ ಕಟ್ಟಿದ್ದೆ. ಅರ್ಧಕ್ಕೆ ಬರುವಷ್ಟರಲ್ಲಿ ಸಬ್‌ಟೈಟಲ್ ದೃಶ್ಯಕ್ಕಿಂತ ಹಿಂದೆ ಬೀಳಲು ಶುರುವಾಯಿತು, ಒಬ್ಬಳು ಮಾತಾಡಿ ಮುಗಿಸಿದ ಮೇಲೆ ಇನ್ನೊಬ್ಬಳ ಮುಖದ ಕೆಳಗೆ ಅವಳ ಮಾತು. ಯಾರು ಯಾರಿಗೆ ವಿಷ ಹಾಕಿದರು ಅನ್ನುವುದೇ ಕಥೆಯಾಗಿರುವಾಗ ಇದಕ್ಕಿಂತ ದೊಡ್ಡ ತೊಂದರೆ ಇಲ್ಲ. ಮೇಲ್ ಹಾಕಿದರೆ ಆ್ಯಪ್ ಅಪ್‌ಡೇಟ್ ಮಾಡಿ ಅನ್ನುವ ಉತ್ತರ. ರೂಯಿ ಹಾಕಿದ್ದ ಟೆನ್ಸೆಂಟ್‌ನ ವೀಟಿವಿ ಆ್ಯಪ್ ಅನ್ನು ನಮ್ಮಲ್ಲಿ 2020ರ ನವೆಂಬರ್‌ನಲ್ಲೇ ನಿಷೇಧಿಸಿದರು. ಯೂಟ್ಯೂಬ್‌ನಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಜೊತೆ ಪೂರ್ತಿ ಎಪಿಸೋಡ್ ಸಿಕ್ಕಿದರೆ ಅಲ್ಲಿಯೇ ನೋಡಿ. ಚಂದಾ ಕಟ್ಟಲೇಬೇಕು ಅಂದರೆ ತಿಂಗಳಿಗೆ ಕಟ್ಟಿ, ಮೊದಲ ದಿನವೇ ನಡುವಿನ ಒಂದು ಎಪಿಸೋಡ್ ಹಾಕಿ ಸಬ್‌ಟೈಟಲ್ ಸರಿಯಿದೆಯಾ ನೋಡಿಕೊಳ್ಳಿ.

ನಾನು ನೋಡುವುದು ರಾತ್ರಿ ಊಟವಾದ ಮೇಲೆ, ಫೋನ್ ಪಕ್ಕಕ್ಕಿಟ್ಟು, ದಿನಕ್ಕೆ ಒಂದೋ ಎರಡೋ ಎಪಿಸೋಡ್. ಹಾಗೆ ನೋಡುವವರಿಗೆ ರೂಯಿ. ತರಕಾರಿ ಹೆಚ್ಚುತ್ತಾ, ನಡುವೆ ಎದ್ದು ಕುಕ್ಕರ್ ನೋಡಿ ಬರುವವರಿಗೆ ಯಾನ್‌ಶಿ, ಒಂದು ಮಾತು ತಪ್ಪಿದರೂ ಕಥೆ ಕೈಬಿಡುವುದಿಲ್ಲ. ಎರಡೂ ನೋಡುವ ಮನಸ್ಸಿದ್ದರೆ ಯಾನ್‌ಶಿ ಮೊದಲಿರಲಿ. ರೂಯಿ ನೋಡಿದ ಮೇಲೆ ಯಾನ್‌ಶಿಯ ಚಕ್ರವರ್ತಿಯನ್ನು ಪ್ರೀತಿಸಲು ನನ್ನಿಂದ ಆಗಲಿಲ್ಲ, ಎರಡನೇ ಸಲ ನೋಡಲು ಕೂತು ಕೆಲವೇ ಎಪಿಸೋಡ್‌ಗೆ ನಿಲ್ಲಿಸಿದೆ. ಎರಡರ ನಡುವೆ ಬಿಡುವಿದ್ದರೆ 2011ರ ‘ಎಂಪ್ರೆಸಸ್ ಇನ್ ದ ಪ್ಯಾಲೇಸ್’ ನೋಡಿ. ಅದರ ನಾಯಕಿ ಝೆನ್ ಹುವಾನ್‌ಳೇ ರೂಯಿಯಲ್ಲಿ ರಾಜಮಾತೆಯಾಗಿ ಕೂತಿರುವುದು, ನಟಿ ಮಾತ್ರ ಬೇರೆ. ಅಮೆರಿಕದವರಿಗಾಗಿ 76 ಎಪಿಸೋಡ್‌ಗಳನ್ನು ಆರು ಭಾಗಕ್ಕೆ ಕತ್ತರಿಸಿದ ಒಂದು ಆವೃತ್ತಿ ಇದೆ, ಅದು ಬೇಡ, ಪೂರ್ತಿಯದನ್ನೇ ಹುಡುಕಿ.