ಆರು ವರ್ಷ ಸಾಣೆ ಹಿಡಿದ ಮೇಲೆ: ಬೌಲ್ ಗೌಜ್ ಜಿಗ್ ಬಗ್ಗೆ ನನ್ನ ಅನುಭವ

ಮನೆ ಹಿಂದಿನ ಶೆಡ್‌ನಲ್ಲಿ ಒಂದು ಲೇತ್ ಇದೆ. ರಜೆ ದಿನ ಅದರಲ್ಲಿ ಮರದ ಬಟ್ಟಲು ಕಡೆಯುತ್ತೇನೆ. ಪಕ್ಕದ ಮನೆಯವರು ಕಡಿಸಿದ ಮಾವಿನ ಕೊಂಬೆ, ನೆಂಟರ ತೋಟದ ಸಿಲ್ವರ್ ಓಕ್, ಹಲಸು, ಹೀಗೆ ಮರಕ್ಕಂತೂ ಬರವಿಲ್ಲ. ಬರ ಇದ್ದದ್ದು ಹರಿತಕ್ಕೆ.

ಬಟ್ಟಲು ಕಡೆಯುವುದು ಬೌಲ್ ಗೌಜ್‌ನಿಂದ, ಅಂದರೆ ಉದ್ದಕ್ಕೂ ತೋಡು ಇರುವ ದುಂಡು ಸರಳಿನ ಉಳಿ. ಮೊದಲ ವರ್ಷ ಅದಕ್ಕೆ ಬರೀ ಕೈಯಲ್ಲೇ ಸಾಣೆ ಹಿಡಿದೆ. ಗೌಜ್‌ನ ಮೂಗು ಒಂದು ದಿನ ಚೂಪು, ಮರುವಾರ ಚಪ್ಪಟೆ. ಬೆವೆಲ್, ಅಂದರೆ ಬಾಯಿಯ ಹಿಂದೆ ಸಾಣೆ ಹಿಡಿದ ಮುಖ, ಒಂದೇ ನುಣುಪಾದ ಇಳಿಜಾರಾಗಿರಬೇಕು ಅಲ್ವಾ? ನನ್ನದರಲ್ಲಿ ಐದಾರು ಮುಖ, ಮೂಗುತಿ ಹರಳಿನ ಹಾಗೆ. ಪ್ರತಿ ಸಲ ತಪ್ಪು ಸರಿ ಮಾಡಲು ಹೋಗಿ ಇನ್ನಷ್ಟು ಉಕ್ಕು ತಿನ್ನಿಸುತ್ತಿದ್ದೆ. ಹೊಸ ಗೌಜ್ ವರ್ಷ ತುಂಬುವಷ್ಟರಲ್ಲಿ ಒಂದಿಂಚು ಗಿಡ್ಡವಾಗಿತ್ತು. ಆಗ ಜಿಗ್ ತಗೊಂಡೆ, ಸಾಣೆ ಹಿಡಿಯುವಾಗ ಗೌಜನ್ನು ಪ್ರತಿ ಸಲ ಒಂದೇ ಕೋನದಲ್ಲಿ ಹಿಡಿದಿಡುವ ಸಾಧನ.

ನಾನು ಕೊಂಡದ್ದು ಕೆನಡಾದ ಒನ್‌ವೇ ಕಂಪನಿಯ ವೋಲ್ವರಿನ್ ಜಿಗ್ ಮಾದರಿಯಲ್ಲಿ ಬೇರೆಯವರು ಮಾಡಿದ ನಕಲು. ಅಸಲಿಗೆ ಸಾಗಣೆ, ಸುಂಕ ಎಲ್ಲ ಸೇರಿಸಿದರೆ ನನ್ನ ಕೈಗೆಟುಕುವಂತಿರಲಿಲ್ಲ. ಹಾಗಾಗಿ ಮುಂದೆ ಹೇಳುವ ದೂರುಗಳೆಲ್ಲ ನನ್ನ ಹೆಸರಿಲ್ಲದ ನಕಲಿನದು. ವಿನ್ಯಾಸದ ಬಗ್ಗೆ ನನ್ನ ತಕರಾರಿಲ್ಲ.

ವಿನ್ಯಾಸ ಸರಳ. ಸಾಣೆ ಚಕ್ರದ ಗ್ರೈಂಡರ್ ಕೆಳಗೆ ಒಂದು ಬೇಸ್. ಅದರೊಳಗೆ ಹಿಂದೆ ಮುಂದೆ ಜಾರುವ ಉದ್ದನೆಯ ತೋಳು, ತೋಳಿನ ತುದಿಯಲ್ಲಿ ವಿ ಆಕಾರದ ಗುಳಿ. ಗೌಜನ್ನು ಹಿಡಿಯುವ ಕ್ಲ್ಯಾಂಪಿಗೆ ಒಂದು ಓರೆ ಕಾಲು. ಆ ಕಾಲಿನ ತುದಿಯನ್ನು ಗುಳಿಯಲ್ಲಿ ಊರಿ, ಗೌಜ್‌ನ ಮೂತಿಯನ್ನು ಚಕ್ರದ ಮೇಲಿಟ್ಟು ಎಡಕ್ಕೆ ಬಲಕ್ಕೆ ಹೊರಳಿಸಿದರೆ ಮೂಗು, ಎರಡೂ ರೆಕ್ಕೆ (ಅಕ್ಕಪಕ್ಕದ ಅಂಚುಗಳು) ಒಂದೇ ಓಟದಲ್ಲಿ ಆಗುತ್ತವೆ. ರೆಕ್ಕೆಗಳು ಹಿಂದಕ್ಕೆ ಚಾಚಿದ ಈ ಆಕಾರವನ್ನು ಮರ ಕಡೆಯುವ ಅಮೆರಿಕದ ಕಲಾವಿದ ಡೇವಿಡ್ ಎಲ್ಸ್‌ವರ್ತ್ ಹೆಸರಲ್ಲಿ ಕರೆಯುತ್ತಾರೆ, ಕೆಲವರು ಐರಿಷ್ ಗ್ರೈಂಡ್ ಅಂತಾರೆ. ಕೈಯಲ್ಲಿ ಇದನ್ನು ತರುವುದು ನನ್ನಂಥವರಿಗೆ ಕಷ್ಟ.

ಜಿಗ್ ಬಂದ ದಿನವೇ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಮೊದಲ ಮೂರು ತಿಂಗಳು ಅದೇ ಗೋಳು. ಕಾರಣ ಗೊತ್ತಾಗಿದ್ದು ತಡವಾಗಿ. ಇಲ್ಲಿ ಮೂರು ಅಳತೆಗಳಿವೆ: ಗೌಜ್ ಕ್ಲ್ಯಾಂಪಿನಿಂದ ಎಷ್ಟು ಹೊರಗೆ ಚಾಚಿದೆ, ಕಾಲು ಎಷ್ಟು ಓರೆಯಾಗಿದೆ, ಗುಳಿ ಚಕ್ರದಿಂದ ಎಷ್ಟು ದೂರ ಇದೆ. ಮೂರರಲ್ಲಿ ಯಾವುದೇ ಒಂದು ಸ್ವಲ್ಪ ಬದಲಾದರೂ ಬೆವೆಲ್ ಬದಲಾಗುತ್ತದೆ. ನಾನು ಮೂರನ್ನೂ ಕಣ್ಣಳತೆಯಲ್ಲಿ ಇಡುತ್ತಿದ್ದೆ. ಅಂದರೆ ಜಿಗ್ ಕೊಂಡೂ ಕೈಸಾಣೆಯನ್ನೇ ಮಾಡುತ್ತಿದ್ದೆ.

ಈಗ ಬೆಂಚಿಗೆ ಒಂದು ಮರದ ತುಂಡು ಮೊಳೆ ಹೊಡೆದಿದ್ದೇನೆ, ಸರಿಯಾಗಿ 45 ಮಿಲಿಮೀಟರ್. ಕ್ಲ್ಯಾಂಪನ್ನು ಅದಕ್ಕೆ ತಾಗಿಸಿ ಗೌಜನ್ನು ಬೆಂಚಿನ ಅಂಚಿಗೆ ಮುಟ್ಟಿಸಿ ತಿರುಪು ಬಿಗಿ ಮಾಡಿದರೆ ಚಾಚು ಯಾವತ್ತೂ ಒಂದೇ. ಕಾಲಿನ ಓರೆಯನ್ನು ಒಮ್ಮೆ ಹೊಂದಿಸಿ ಪಂಚ್‌ನಿಂದ ಗುರುತು ಹಾಕಿದೆ. ಆಮೇಲೆ ಅದನ್ನು ಮುಟ್ಟಿಲ್ಲ. ಗುಳಿಯ ದೂರಕ್ಕೆ ಇನ್ನೊಂದು ಅಳತೆ ಕಡ್ಡಿ, ಅದರ ಮೇಲೆ ಪೆನ್ಸಿಲ್‌ನಲ್ಲಿ ಬೆವೆಲ್‌ನ ಕೋನ '60 ಡಿಗ್ರಿ' ಅಂತ ಬರೆದಿದೆ. ಈ ಎರಡು ಮರದ ತುಂಡುಗಳ ಖರ್ಚು ಸೊನ್ನೆ. ಜಿಗ್‌ನ ನಿಜವಾದ ಕೆಲಸ ಶುರುವಾಗಿದ್ದು ಇವು ಬಂದ ಮೇಲೆ.

ಇನ್ನೊಂದು ಅಭ್ಯಾಸ: ಮೋಟಾರ್ ಹಾಕುವ ಮೊದಲು ಬೆವೆಲ್‌ಗೆ ಮಾರ್ಕರ್ ಮಸಿ ಬಳಿದು ಚಕ್ರವನ್ನು ಕೈಯಲ್ಲಿ ತಿರುಗಿಸಿ ನೋಡುತ್ತೇನೆ. ಮಸಿ ಪೂರ್ತಿ ಅಗಲಕ್ಕೆ ಅಳಿಸಿದರೆ ಸರಿ. ಹಿಂಬದಿ ಮಾತ್ರ ಅಳಿಸಿದರೆ, ಅಥವಾ ಬಾಯಿ ಮಾತ್ರ ಅಳಿಸಿದರೆ, ತೋಳು ಜರುಗಿದೆ ಅಂತ ಅರ್ಥ. ನನ್ನ ನಕಲಿನ ತೊಂದರೆಯೇ ಇದು. ಬೇಸ್‌ನ ಲಿವರ್ ಬಿಗಿಯಾಗಿ ಹಿಡಿಯುವುದಿಲ್ಲ. ಒತ್ತಡಕ್ಕೆ ತೋಳು ಎರಡು ಮೂರು ಮಿಲಿಮೀಟರ್ ಹಿಂದಕ್ಕೆ ಸರಿಯುತ್ತದೆ. ಎರಡನೇ ವರ್ಷದಿಂದ ಅಲ್ಲೊಂದು ಸಿ ಕ್ಲ್ಯಾಂಪ್ ಕಾಯಂ ಆಗಿ ಕೂತಿದೆ. ನೋಡಲು ಚೆಂದವಿಲ್ಲ, ಆದರೆ ಅಲುಗುವುದಿಲ್ಲ. ಗೌಜ್ ಹಿಡಿಯುವ ತಿರುಪಿನ ತಲೆಯೂ ಸವೆದು ದುಂಡಗಾಗಿತ್ತು, ಬದಲಿಸಿದೆ.

ಒಮ್ಮೆ ಕಾಲು ಗುಳಿಯಿಂದ ಹಾರಿತ್ತು. ಮೂತಿಯನ್ನು ಮೊದಲು ಚಕ್ರಕ್ಕೆ ಮುಟ್ಟಿಸಿ, ಆಮೇಲೆ ಕಾಲು ಊರಲು ಹೋದದ್ದು ನನ್ನದೇ ತಪ್ಪು. ಟಪ್ ಅಂತ ಸದ್ದು, ಒಂದು ರೆಕ್ಕೆಯಲ್ಲಿ ಕಚ್ಚು. ಬೆರಳು ಉಳಿಯಿತು. ಮೊದಲು ಕಾಲು, ಆಮೇಲೆ ಮೂತಿ. ಮುಖಕ್ಕೆ ಕನ್ನಡಕ. ಗ್ರೈಂಡರ್ ಸುತ್ತ ಮರದ ಹೊಟ್ಟು ಬಿಡಬೇಡಿ, ಕಿಡಿ ಬಿದ್ದರೆ ಒಳಗೊಳಗೇ ಹೊಗೆಯಾಡುತ್ತದೆ.

ಜಿಗ್‌ಗಿಂತ ಜಾಸ್ತಿ ದುಡ್ಡು ಚಕ್ರಕ್ಕೆ ಹಾಕಿ ಅಂತ ಹೇಳುವವನು ನಾನು. ಗ್ರೈಂಡರ್ ಜೊತೆ ಬರುವ ಬೂದು ಕಲ್ಲು ಹೈಸ್ಪೀಡ್ ಉಕ್ಕಿಗೆ ತುಂಬ ಗಟ್ಟಿ. ಬೇಗ ನುಣುಪಾಗಿ ಬರೀ ಉಜ್ಜುತ್ತದೆ, ಬಿಸಿ ಮಾಡುತ್ತದೆ. ಬಿಳಿ ಅಲ್ಯೂಮಿನಿಯಂ ಆಕ್ಸೈಡ್ ಚಕ್ರ ವಾಸಿ. ಆದರೆ ವಜ್ರದ ಡ್ರೆಸರ್‌ನಿಂದ ಆಗಾಗ ಕೆರೆಯಬೇಕು, ಕೆರೆದಷ್ಟೂ ವ್ಯಾಸ ಇಳಿಯುತ್ತದೆ. ವ್ಯಾಸ ಇಳಿದರೆ ಗುಳಿಯ ದೂರ ಮತ್ತೆ ತಪ್ಪಿತಲ್ಲ! ಮೂರನೇ ವರ್ಷ 180 ಗ್ರಿಟ್‌ನ ಸಿಬಿಎನ್ ಚಕ್ರ ತಂದೆ. ಲೋಹದ ಚಕ್ರಕ್ಕೆ ಬೋರಾನ್ ನೈಟ್ರೈಡ್ ಹರಳು ಕೂರಿಸಿರುತ್ತಾರೆ. ಸವೆದು ಸಣ್ಣದಾಗುವುದಿಲ್ಲ, ಕೆರೆಯುವ ಕೆಲಸವಿಲ್ಲ. ಅಂದು ಗೀಚಿದ ಅಳತೆ ಕಡ್ಡಿ ಇವತ್ತಿಗೂ ನಡೆಯುತ್ತಿದೆ. ಒಂದೇ ಪೇಚು, ಚಕ್ರದ ತೂತು ನನ್ನ ಗ್ರೈಂಡರ್ ಶಾಫ್ಟಿಗೆ ದೊಡ್ಡದಾಯಿತು. ಪೀಣ್ಯದ ಒಂದು ಅಂಗಡಿಯಲ್ಲಿ ಬುಶ್ ಮಾಡಿಸಿದೆ. ಮೆದು ಕಬ್ಬಿಣವನ್ನು ಇದಕ್ಕೆ ತಾಗಿಸಬೇಡಿ, ಹರಳುಗಳ ನಡುವೆ ಮೆತ್ತಿಕೊಳ್ಳುತ್ತದೆ. ಮನೆಯವರು ಕುಡುಗೋಲು ತಂದರೆ ಹಳೆ ಬೂದು ಕಲ್ಲು ತೋರಿಸುತ್ತೇನೆ.

ವೇಗದ ಗೊಂದಲ ಹಲವರಿಗಿದೆ. ಅಮೆರಿಕದ ವಿಡಿಯೋಗಳಲ್ಲಿ ನಿಧಾನದ ಗ್ರೈಂಡರ್ ಅಂದರೆ ನಿಮಿಷಕ್ಕೆ 1725 ಸುತ್ತು. ಅಲ್ಲಿನ ಕರೆಂಟು 60 ಹರ್ಟ್ಸ್. ನಮ್ಮದು 50, ಹಾಗಾಗಿ ಅದೇ ಬಗೆಯ ಮೋಟಾರ್ ಇಲ್ಲಿ 1440ರ ಆಸುಪಾಸು ತಿರುಗುತ್ತದೆ. ಎಂಟಿಂಚು ಚಕ್ರಕ್ಕೆ ಅದು ಧಾರಾಳ ಸಾಕು. ಗೌಜ್ ಕೊಳ್ಳುವಾಗಲೂ ಇಂಥದ್ದೇ ಒಂದು ಬಲೆ ಇದೆ. ಇಂಗ್ಲೆಂಡಿನವರು ತೋಡಿನ ಅಳತೆ ಹೇಳುತ್ತಾರೆ, ಅಮೆರಿಕದವರು ಸರಳಿನ ವ್ಯಾಸ ಹೇಳುತ್ತಾರೆ. ಇಂಗ್ಲೆಂಡಿನ 3/8 ಇಂಚು, ಅಮೆರಿಕದ 1/2 ಇಂಚು ಎರಡೂ ಒಂದೇ ದಪ್ಪ. ನಾನು ಸಣ್ಣದು ಅಂತ ತರಿಸಿಕೊಂಡದ್ದು ಮನೆಯಲ್ಲಿದ್ದ ಗೌಜ್‌ನ ಅವಳಿಯಾಗಿತ್ತು.

ಫಲ ಏನು? ಹಸಿ ಮಾವಿನಲ್ಲಿ ಉದ್ದುದ್ದ ಸುರುಳಿ ಹೆಗಲ ಮೇಲೆ ಬೀಳುತ್ತವೆ. ಬಟ್ಟಲಿನ ಎದುರುಬದುರು ಎರಡು ಜಾಗದಲ್ಲಿ ಎಳೆ ಕಿತ್ತು ಒರಟಾಗುತ್ತಲ್ಲ, ಅದು ಮುಕ್ಕಾಲು ಪಾಲು ಕಡಿಮೆಯಾಗಿದೆ. ತೇಗದಲ್ಲಿ ಮಾತ್ರ ಜಿಗ್ ಏನೂ ಮಾಡಲಾರದು. ಅದರಲ್ಲಿ ಸಿಲಿಕಾ ಇರುತ್ತದೆ, ಬಾಯಿ ಬೇಗ ಮೊಂಡಾಗುತ್ತದೆ. ಆದರೆ ಮತ್ತೆ ಸಾಣೆಗೆ ಹೋಗಿ ಬರಲು ಒಂದು ನಿಮಿಷ ಸಾಕು, ಅದಕ್ಕೇ ಈಗ ಸೋಮಾರಿತನ ಮಾಡುವುದಿಲ್ಲ. ಉಕ್ಕೂ ಉಳಿಯುತ್ತದೆ. ಎರಡನೇ ಗೌಜ್ ಐದು ವರ್ಷದಲ್ಲಿ ಸವೆದದ್ದು ಮೊದಲನೆಯದು ಒಂದು ವರ್ಷದಲ್ಲಿ ಸವೆದಷ್ಟು.

ಹಿಂದೊಮ್ಮೆ ಚನ್ನಪಟ್ಟಣದಲ್ಲಿ ಆಲೆ ಮರದ ಗೊಂಬೆ ಕಡೆಯುವ ಹಿರಿಯರೊಬ್ಬರಿಗೆ ಜಿಗ್‌ನ ಫೋಟೋ ತೋರಿಸಿದ್ದೆ. ಅವರು ಉಳಿಯನ್ನು ಕಲ್ಲಿಗೆ ನಾಲ್ಕು ಸಲ ಎಳೆದು ಲೇತಿಗೆ ಮರಳಿದರು, ನಾನು ಫೋಟೋ ದೊಡ್ಡದು ಮಾಡುವಷ್ಟರಲ್ಲಿ. "ಇದನ್ನ ಬಿಗಿ ಮಾಡೋಕೆ ಎಷ್ಟು ಹೊತ್ತು?" ಅಂದರು. ಅವರ ಉಳಿಯ ಬಾಯಿ ನೇರ, ನನ್ನದು ಸುತ್ತು ಬಳಸಿನದು ಅಂತ ಸಮಜಾಯಿಷಿ ಕೊಟ್ಟೆ. ಅವರು ದಿನಕ್ಕೆ ಹತ್ತು ಸಲ ಸಾಣೆ ಹಿಡಿಯುತ್ತಾರೆ, ಕೈ ಕುದುರಿದೆ. ನಾನು ಶನಿವಾರ ಮಾತ್ರ ಹಿಡಿಯುತ್ತೇನೆ. ಆರು ದಿನದ ಮರೆವನ್ನು ಜಿಗ್ ತುಂಬುತ್ತದೆ.

ದಿನವೂ ಕಡೆಯುವವರಾದರೆ ನಿಮಗಿದು ಬೇಡವೇ ಇರಬಹುದು. ವಾರಕ್ಕೊಮ್ಮೆಯವರಾದರೆ ತಗೊಳ್ಳಿ, ನಕಲಾದರೂ ನಡೆಯುತ್ತದೆ. ಬೇಸ್‌ನ ಲಿವರ್ ಮಾತ್ರ ಅಂಗಡಿಯಲ್ಲೇ ಎಳೆದು ನೋಡಿ. ನನ್ನ ರೌಂಡ್ ಸ್ಕ್ರೇಪರ್‌ಗೆ (ಮರ ಕೆರೆದು ನುಣುಪು ಮಾಡುವ ದುಂಡು ಬಾಯಿಯ ಉಳಿ) ಇವತ್ತಿಗೂ ಜಿಗ್ ಬಳಸುವುದಿಲ್ಲ, ಚಕ್ರದ ಮುಂದಿನ ಚಪ್ಪಟೆ ಪ್ಲಾಟ್‌ಫಾರ್ಮ್ ಮೇಲಿಟ್ಟು ಸುಮ್ನೆ ಬೀಸಿದರೆ ಆಯಿತು.